ಎರಡು ತೇರುಗಳ ನಡುವೆ

ನಮ್ಮ ದೇಶದ ಮಾನಸಿಕ ಆರೋಗ್ಯ ಸೇವೆಯ ಇತಿಹಾಸ ಬರೆಯಲು ಕೂತವರು ಯಾರೇ ಆಗಲಿ, ಬಳ್ಳಾರಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 'ಬಳ್ಳಾರಿ ಮಾದರಿ' ಅಂತಲೇ ಅದಕ್ಕೆ ಹೆಸರು ಬಿದ್ದಿದೆ. ದೆಹಲಿಯ ಯೋಜನೆಗಳಲ್ಲೂ ವಿದೇಶದ ವೈದ್ಯ ಪತ್ರಿಕೆಗಳಲ್ಲೂ ಆ ಹೆಸರು ಓಡಾಡಿತು. ಓಡಾಡದೇ ಇದ್ದದ್ದು ನಮ್ಮಲ್ಲೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಯಾರನ್ನಾದರೂ ಕೇಳಿ ನೋಡಿ: ಬಳ್ಳಾರಿ ಅಂದರೆ ಬಿಸಿಲು ಅಂತಾರೆ, ಗಣಿ ಅಂತಾರೆ, ಬಯಲಾಟ ಅಂತಾರೆ. ತಲೆ ಕೆಟ್ಟವರ ಗುಳಿಗೆ ದೊಡ್ಡ ಆಸ್ಪತ್ರೆಯ ಕಾಂಪೌಂಡ್ ದಾಟಿ ಹಳ್ಳಿಯ ಆರೋಗ್ಯ ಕೇಂದ್ರದ ಬೀರುವಿಗೆ ಬಂದು ಕೂತ ಮೊದಲ ಜಿಲ್ಲೆ ನಮ್ಮದು ಅಂತ ಎದೆ ತಟ್ಟಿ ಹೇಳಿದವರನ್ನು ನಾನು ಕಂಡಿಲ್ಲ.

ಆ ಮಾದರಿ ರೂಪುಗೊಂಡ ಎಂಬತ್ತರ ದಶಕದಲ್ಲಿ ನಾನು ಕೂಡ್ಲಿಗಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕ. ಸರ್ಕಾರದ ಕಾಗದದಲ್ಲಿ ಮಲ್ಟಿಪರ್ಪಸ್ ವರ್ಕರ್, ಊರವರ ಬಾಯಲ್ಲಿ ಮಲೇರಿಯಾ ಸಾರು. ಮನೆ ಬಾಗಿಲ ಪಕ್ಕದ ಗೋಡೆಗೆ ಸ್ಟೆನ್ಸಿಲ್ ಹೊಡೆದು ಖಾನೆ ಮಾಡಿರುತ್ತಿದ್ದೆವು. ಹದಿನೈದು ದಿನಕ್ಕೊಮ್ಮೆ ಹೋಗಿ ಅದರಲ್ಲಿ ತಾರೀಕು ಬರೆದು ಸಹಿ ಹಾಕಬೇಕು. ಜ್ವರ ಬಂದವರು ಇದ್ದರೆ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದು ಕ್ಲೋರೋಕ್ವಿನ್ ಕೊಟ್ಟು ಬರಬೇಕು. ಇಷ್ಟು ಸಣ್ಣ ಕೆಲಸದಿಂದ ಒಂದು ದೊಡ್ಡ ಉಪಯೋಗ ಆಗುತ್ತಿತ್ತು. ಯಾವ ಮನೆಯ ಯಜಮಾನ ಮೊನ್ನೆ ಕಟ್ಟೆ ಮೇಲೆ ಕೂತು ಹರಟುತ್ತಿದ್ದ, ಇವತ್ತು ಯಾಕೆ ಮುಸುಕು ಹೊದ್ದು ಮಲಗಿದ್ದಾನೆ ಅನ್ನುವುದು ನಮಗೆ ಕೇಳದೆಯೇ ತಿಳಿಯುತ್ತಿತ್ತು. ಬರೀ ಡಿಪ್ರೆಶನ್ನು ಯಾವುದು, ಬೈಪೋಲಾರ್ ಕಾಯಿಲೆಯ ಇಳಿತ ಯಾವುದು ಅಂತ ಬೇರ್ಪಡಿಸಲು ಬೇಕಾದದ್ದು ಮುಖ್ಯವಾಗಿ ಈ ತಿಳಿವಳಿಕೆ. ರಕ್ತ ಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ, ತಲೆಯ ಸ್ಕ್ಯಾನ್ ಮಾಡಿಸಿದರೂ ಇವತ್ತಿಗೂ ಸಿಗುವುದಿಲ್ಲ. ಒಂದು ದಿನ ಎದುರಿಗೆ ಕೂರಿಸಿಕೊಂಡು ನೋಡಿದರೆ ಇಬ್ಬರೂ ಒಂದೇ ತರ: ಸೊರಗಿದ ಮುಖ, ತಗ್ಗಿದ ದನಿ, ರುಚಿಸದ ಊಟ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಬದುಕಿ ಏನು ಫಲ ಅನ್ನುವ ಮಾತು. ಇಬ್ಬರೂ ಬೇರೆಯಾಗುವುದು ಹಿಂದಿನ ವರ್ಷಗಳಲ್ಲಿ.

ನಮಗೂ ಮುಂಚಿನ ಕಾಲದ್ದು ಸ್ವಲ್ಪ ಹೇಳಬೇಕು. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸಿನವರು. ಮನೆಯಲ್ಲಿ ಒಬ್ಬರಿಗೆ ತಲೆ ಕೆಟ್ಟು ಕೈ ಮೀರಿದರೆ, 1912ರ ಲೂನಸಿ ಕಾಯ್ದೆಯಂತೆ ಮ್ಯಾಜಿಸ್ಟ್ರೇಟರ ಹುಕುಂ ತಂದು ಮದರಾಸಿನ ಕಿಲ್ಪಾಕ್ ಆಸ್ಪತ್ರೆಗೆ ಸೇರಿಸಬೇಕು. ಹರಪನಹಳ್ಳಿಯ ಕಡೆಯ ಒಬ್ಬ ರೈತ ಮಗನನ್ನು ಕರೆದುಕೊಂಡು ತಮಿಳಿನ ಊರಿಗೆ ಹೋಗುವುದು ಎಂದಾದರೂ ಆಗುವ ಮಾತೇ? ಮೈಸೂರಿಗೆ ಸೇರಿದ ಮೇಲೆ ಬೆಂಗಳೂರು, 1956ರ ಏಕೀಕರಣದ ಮೇಲೆ ಧಾರವಾಡ. 'ಧಾರವಾಡಕ್ಕ ಕಳಸಬೇಕು ನಿನ್ನ' ಅನ್ನುವುದು ನಮ್ಮ ಕಡೆ ಬೈಗುಳವೂ ಹೌದು, ತಮಾಷೆಯೂ ಹೌದು. ಹರಪನಹಳ್ಳಿಯಲ್ಲೇ ಹುಟ್ಟಿದ ಬೀಚಿಯವರು ತಲೆ ಕೆಟ್ಟ ಲೋಕವನ್ನು ನೋಡಿ ನಗಿಸಿದ್ದು ಸರಿ. ಆದರೆ ಮನೆಯೊಳಗೆ ಹಗ್ಗ ಕಟ್ಟಿ ಕೂರಿಸಿದ ಮಗನನ್ನು ನೋಡುವ ತಾಯಿಗೆ ಅದು ನಗುವ ಸಂಗತಿ ಅಲ್ಲ.

ಹೀಗಾಗಿ ಜನ ಹೋಗುತ್ತಿದ್ದದ್ದು ಉಕ್ಕಡಗಾತ್ರಿಗೆ. ತುಂಗಭದ್ರೆಯ ದಂಡೆಯ ಮೇಲೆ, ಹರಿಹರ ತಾಲ್ಲೂಕಿನಲ್ಲಿ, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ. ಅಮಾವಾಸ್ಯೆ ಬಂದರೆ ಬಸ್ಸುಗಳಲ್ಲಿ ಕಾಲಿಡಲು ಜಾಗ ಇಲ್ಲ. ಗಾಳಿ ಹಿಡಿದವರು, ಮಾಟ ಆಗಿದೆ ಅಂತ ನಂಬಿದವರು ಹೊಳೆಯಲ್ಲಿ ಮುಳುಗೆದ್ದು ಗದ್ದುಗೆ ಮುಂದೆ ನಿಲ್ಲುತ್ತಾರೆ. ನಾನು ಇದನ್ನು ಹಳಿಯುವವನಲ್ಲ. ನಮ್ಮ ತಾಯಿಯೂ ಹೋಗಿ ಬಂದವಳೇ. ಆದರೆ ತರಬೇತಿ ಆದ ಮೇಲೆ ಒಂದು ವಿಚಾರ ನನಗೆ ಹೊಳೆಯಿತು. ಉನ್ಮಾದವಾಗಲಿ ಖಿನ್ನತೆಯಾಗಲಿ, ಏರಿದ್ದು ಔಷಧಿ ಇಲ್ಲದೆಯೂ ಕೆಲವು ತಿಂಗಳಲ್ಲಿ ತಾನೇ ಇಳಿಯುವ ಸ್ವಭಾವದ್ದು. ಮೂರನೇ ಅಮಾವಾಸ್ಯೆಗೋ ಐದನೇ ಅಮಾವಾಸ್ಯೆಗೋ ಹುಡುಗ ಸರಿ ಹೋದರೆ ಅಜ್ಜಯ್ಯನಿಗೆ ಕಾಯಿ ಒಡೆದು ಬರುತ್ತಾರೆ. ಎರಡು ವರ್ಷ ಬಿಟ್ಟು ಮತ್ತೆ ಬಂದರೆ? ಹೊಸ ಗಾಳಿ, ಹೊಸ ಶತ್ರು, ಹೊಸ ಹರಕೆ. ಎರಡೂ ಸಲದ್ದು ಒಂದೇ ಕಾಯಿಲೆ ಅಂತ ಪೋಣಿಸಿ ನೋಡುವವರು ಯಾರೂ ಇರಲಿಲ್ಲ.

ಪೋಣಿಸಿ ನೋಡುವ ಕೆಲಸಕ್ಕೆ ಜಗತ್ತಿನಲ್ಲಿ ಬಹಳ ಕಾಲ ಹಿಡಿದಿದೆ. 1854ರಲ್ಲಿ ಪ್ಯಾರಿಸ್ಸಿನ ಇಬ್ಬರು ವೈದ್ಯರು, ಬೇಯಾರ್ಜೆ ಮತ್ತು ಫಾಲ್ರೆ, ಎರಡು ವಾರದ ಅಂತರದಲ್ಲಿ ಒಂದೇ ಸಂಗತಿಯನ್ನು ಸಭೆಯ ಮುಂದಿಟ್ಟು, ಮೊದಲು ಕಂಡದ್ದು ನಾನು ನಾನು ಅಂತ ಜಗಳಕ್ಕೆ ಬಿದ್ದರು. ಕಂಡದ್ದು ಇಷ್ಟು: ಉಕ್ಕಿ ಹರಿಯುವ ಹುಚ್ಚು ಮತ್ತು ಕುಗ್ಗಿ ಕೂರುವ ಹುಚ್ಚು ಎರಡು ರೋಗವಲ್ಲ, ಕೆಲವರಲ್ಲಿ ಒಂದೇ ರೋಗ ಸುತ್ತಿ ಸುತ್ತಿ ಬರುವುದು. ಅದು ಅವರಿಗೆ ಕಾಣಲು ಕಾರಣ, ಅದೇ ರೋಗಿಗಳು ವರ್ಷಗಟ್ಟಲೆ ಅವರ ಆಸ್ಪತ್ರೆಯಲ್ಲೇ ಇದ್ದರು. ಆಮೇಲೆ ಜರ್ಮನಿಯ ಕ್ರೇಪಲಿನ್ ಒಬ್ಬೊಬ್ಬ ರೋಗಿಗೂ ಒಂದೊಂದು ಕಾರ್ಡು ಮಾಡಿ, ವರ್ಷ ಕಳೆದಂತೆ ಏನಾಯಿತು ಅಂತ ಬರೆಯುತ್ತಾ ಹೋದರು. ಆದರೆ ಅವರು 1899ರಲ್ಲಿ ಬರೀ ಕುಗ್ಗುವವರನ್ನೂ, ಉಕ್ಕಿ ಕುಗ್ಗುವವರನ್ನೂ ಒಂದೇ ಚೀಲಕ್ಕೆ ಹಾಕಿ ಮ್ಯಾನಿಕ್ ಡಿಪ್ರೆಸಿವ್ ಅಂತ ಹೆಸರಿಟ್ಟರು. ಆ ಚೀಲ ಬಿಚ್ಚಿದ್ದು 1957ರಲ್ಲಿ ಲಿಯೊನ್‌ಹಾರ್ಡ್. 1966ರಲ್ಲಿ ಸ್ವಿಟ್ಜರ್ಲೆಂಡಿನ ಆಂಗ್ಸ್ಟ್, ಸ್ವೀಡನ್ನಿನ ಪೆರಿಸ್ ಮನೆತನಗಳನ್ನು ಹಿಡಿದು ವಿಚಾರಿಸಿ, ಎರಡೂ ಬೇರೆ ಬೇರೆ ದಾರಿಯಲ್ಲಿ ವಂಶದಲ್ಲಿ ಇಳಿದು ಬರುತ್ತವೆ ಅಂತ ತೋರಿಸಿದರು. 1980ರಲ್ಲಿ ಅಮೆರಿಕದ ವೈದ್ಯರ ಕೈಪಿಡಿಗೆ ಬೈಪೋಲಾರ್ ಅನ್ನುವ ಹೆಸರು ಬಂತು.

ನಮ್ಮ ಜಿಲ್ಲೆಗೆ ಆ ಹೆಸರು ಇನ್ನೂ ಬಂದಿರಲಿಲ್ಲ. 1982ರ ಆಗಸ್ಟಿನಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದು ದಾಖಲೆ ಒಪ್ಪಿಗೆ ಆಯಿತು. ಅದಕ್ಕೂ ಮುಂಚೆ ಚಂಡೀಗಢದವರು ರಾಯ್‌ಪುರ್ ರಾಣಿಯಲ್ಲಿ, ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಸಣ್ಣ ಪ್ರಮಾಣದಲ್ಲಿ ಹಳ್ಳಿಯ ಕೆಲಸ ಮಾಡಿ ನೋಡಿದ್ದರು. ಸಣ್ಣದರಲ್ಲಿ ಆದದ್ದು ಇಡೀ ಜಿಲ್ಲೆಯಲ್ಲಿ ಆದೀತೇ ಅನ್ನುವುದು ಪ್ರಶ್ನೆ. ಬೆಂಗಳೂರಿನಿಂದ ಸುಮಾರು ಮುನ್ನೂರು ಕಿಲೋಮೀಟರ್ ದೂರ, ಎಂಟು ತಾಲ್ಲೂಕು, ಹದಿನೈದರಿಂದ ಇಪ್ಪತ್ತು ಲಕ್ಷದ ನಡುವಿನ ಜನ, ಹೆಚ್ಚಿನವರು ಒಣ ಬೇಸಾಯದವರು. ಇಂಥ ಜಿಲ್ಲೆ ಬಳ್ಳಾರಿ. 1985ರಲ್ಲಿ ಕೆಲಸ ಶುರುವಾಯಿತು, ಐದು ವರ್ಷ ನಡೆಯಿತು. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಇವರೆಲ್ಲ ಅದರ ಹಿಂದಿದ್ದವರು. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ಓದದ ಆರೋಗ್ಯ ಇಲಾಖೆಯ ನೌಕರ ನಮ್ಮ ರಾಜ್ಯದಲ್ಲಿ ಕಡಿಮೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ನಿವೃತ್ತರ ಗುಂಪಿನಲ್ಲಿ ಮೊಬೈಲು ಬಿಡುವಿಲ್ಲದೆ ಗುಂಯ್ಗುಟ್ಟಿತು.

ಆ ಕಾರ್ಯಕ್ರಮದ ಒಂದು ಗುಣ ನನಗೆ ಹಿಡಿಸಿದ್ದು ಏನೆಂದರೆ, ತರಬೇತಿಗೆ ನಮ್ಮನ್ನು ಬೆಂಗಳೂರಿಗೆ ಎಳೆಯಲಿಲ್ಲ. ಅವರೇ ಜಿಲ್ಲೆಗೆ ಬಂದರು. ವೈದ್ಯಾಧಿಕಾರಿಗಳಿಗೆ ಒಂದು ತರಬೇತಿ, ನಮಗೆ, ನರ್ಸಮ್ಮನವರಿಗೆ ಇನ್ನೊಂದು. ನಮಗೆ ರೋಗದ ಹೆಸರು ಕಲಿಸುವ ಗೊಡವೆಗೆ ಅವರು ಹೋಗಲಿಲ್ಲ. ಅಕ್ಕಪಕ್ಕದವರನ್ನು ಕೇಳಿ ಅಂದರು: ಯಾರಾದರೂ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾರಾ, ಇಲ್ಲದ್ದು ಕೇಳಿಸುತ್ತದೆ ಅಂತಾರಾ, ಸುಮ್ಮಸುಮ್ಮನೆ ಅನುಮಾನ ಪಡುತ್ತಾರಾ, ವಿಪರೀತ ಖುಷಿಯಲ್ಲಿ ನಾನೇ ರಾಜ ಅಂತ ತಿರುಗುತ್ತಾರಾ, ಬೇಜಾರಾಗಿ ಅಳುತ್ತಾರಾ, ಸಾಯುವ ಮಾತಾಡುತ್ತಾರಾ, ಮೂರ್ಛೆ ಬೀಳುತ್ತಾರಾ. ಕಾಯಿಲೆಯವನನ್ನೇ ಕೇಳುವ ಬದಲು ಬೇರೆಯವರ ಬಗ್ಗೆ ಊರವರನ್ನು ಕೇಳುವ ಈ ವಿಧಾನವನ್ನು ಆರ್.ಎಲ್. ಕಪೂರ್ ಮತ್ತು ಐಸಾಕ್ ಮೊದಲೇ ಪರೀಕ್ಷೆ ಮಾಡಿ ನೋಡಿದ್ದರು. ಊರು ಅಂದ ಮೇಲೆ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಬೆಂಗಳೂರಿನವರಿಗೆ ಅದು ಸಂಶೋಧನೆ, ನಮಗೆ ಕಟ್ಟೆಯ ಮಾತು.

ಆರೋಗ್ಯ ಕೇಂದ್ರದ ಬೀರುವಿಗೆ ಬಂದ ಔಷಧಿಗಳು ಕೈಬೆರಳಲ್ಲಿ ಎಣಿಸುವಷ್ಟು: ಕ್ಲೋರ್‌ಪ್ರೊಮಜೀನ್, ಅದರಿಂದ ಕೈಕಾಲು ಸೆಟೆದುಕೊಂಡರೆ ಟ್ರೈಹೆಕ್ಸಿಫೆನಿಡಿಲ್, ತಿಂಗಳಿಗೊಮ್ಮೆ ಚುಚ್ಚುವ ಫ್ಲುಫೆನಜೀನ್, ಖಿನ್ನತೆಗೆ ಅಮಿಟ್ರಿಪ್ಟಿಲಿನ್ ಅಥವಾ ಇಮಿಪ್ರಮಿನ್, ಮೂರ್ಛೆಗೆ ಫಿನೊಬಾರ್ಬಿಟೋನ್. ಲಿಥಿಯಂ ಅದರಲ್ಲಿ ಇರಲಿಲ್ಲ. ಇನ್ನು ಚೀಟಿಯ ಮೇಲಿನ ಹೆಸರು. ಆಗ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಒಂಬತ್ತನೇ ಪಟ್ಟಿ ಜಾರಿಯಲ್ಲಿತ್ತು. ಅದರ ಪ್ರಕಾರ ಉಕ್ಕುವವರೂ ಎಂ.ಡಿ.ಪಿ. (ಮ್ಯಾನಿಕ್ ಡಿಪ್ರೆಸಿವ್ ಸೈಕೋಸಿಸ್), ಸುತ್ತಿ ಬರುವವರೂ ಎಂ.ಡಿ.ಪಿ., ಒಂದು ದಿನವೂ ಉಕ್ಕದೆ ತೀವ್ರವಾಗಿ ಕುಗ್ಗಿದವರೂ ಎಂ.ಡಿ.ಪಿ., ಡಿಪ್ರೆಸ್ಡ್ ಅಂತ ಬಾಲ ಒಂದು ಬೇರೆ. ಆತುರದಲ್ಲಿ ಬರೆಯುವ ಡಾಕ್ಟರು ಬಾಲ ಬಿಡುತ್ತಿದ್ದರು. ಹಳೆಯ ಕಾರ್ಡುಗಳಲ್ಲಿ ಮೂರೇ ಅಕ್ಷರ ಇರುತ್ತಿತ್ತು. 1992ರ ಹತ್ತನೇ ಪಟ್ಟಿ ಬಂದ ಮೇಲೆ ಬೈಪೋಲಾರ್‌ಗೆ ಒಂದು ಸಂಖ್ಯೆ, ಡಿಪ್ರೆಶನ್ನಿಗೆ ಬೇರೆ ಸಂಖ್ಯೆ.

ಹಾಗಾದರೆ ಆ ಮೂರಕ್ಷರದ ಕಾಲದಲ್ಲಿ ವ್ಯತ್ಯಾಸ ಹಿಡಿದದ್ದು ಹೇಗೆ? ಒಂದು ಸಂಗತಿ ಹೇಳುತ್ತೇನೆ, ಹೆಸರು ಊರು ಬಿಟ್ಟು.

ಶ್ರಾವಣ. ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ದಿನ. ನಲವತ್ತರ ಆಸುಪಾಸಿನ ರೈತ ಗೋಡೆಗೆ ಒರಗಿ ಕೂತಿದ್ದ. ತುಟಿಯ ಮೇಲೆ ನೊಣ ಕೂತರೂ ಕೈ ಎತ್ತುತ್ತಿರಲಿಲ್ಲ. ಕೇಳಿದ್ದಕ್ಕೆ ಎಷ್ಟೋ ಹೊತ್ತಿನ ಮೇಲೆ ಒಂದು ಮಾತು: 'ಸಾಲ ತೀರಂಗಿಲ್ಲ.' ಹದಿನೈದು ದಿನದ ಹಿಂದೆಯೂ ಹಾಗೇ ಇದ್ದ, ಅದಕ್ಕೂ ಹಿಂದೆಯೂ ಹಾಗೇ. ನಮ್ಮ ಕೈಪುಸ್ತಕದಂತೆ ಇದು ಖಿನ್ನತೆ, ಸಂಶಯವೇ ಇಲ್ಲ. ಅವನ ತಾಯಿಯನ್ನೂ ಕೂರಿಸಿಕೊಂಡು ಬಸ್ಸಿನಲ್ಲಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ. ಡಾಕ್ಟರು ಚಿಕ್ಕ ವಯಸ್ಸಿನವರು, ತರಬೇತಿ ಮುಗಿಸಿ ಬಂದಿದ್ದರು. ಅಮಿಟ್ರಿಪ್ಟಿಲಿನ್ ಡಬ್ಬಿ ಮೇಜಿನ ಮೇಲಿಟ್ಟುಕೊಂಡು ಚೀಟಿ ಬರೆಯುವ ಮುನ್ನ ಮುದುಕಿಯ ಕಡೆ ತಿರುಗಿ ಕೇಳಿದರು: 'ಅಜ್ಜಿ, ಇವನು ಯಾವಾಗಾದರೂ ಇದಕ್ಕೆ ಪೂರಾ ಉಲ್ಟಾ ಇದ್ದನಾ?'

'ಇದ್ದಿಲ್ಲೇನು ಸಾ! ಹ್ವಾದ ತೇರಿನಾಗ ಇವ್ನ ಹಿಡಿಯಾಕ ಆಗಿದ್ದಿಲ್ಲ. ರಾತ್ರಿ ನಿದ್ದಿ ಇಲ್ಲ, ಹಗಲು ಊಟ ಇಲ್ಲ, ಆದ್ರೂ ಎತ್ತಿನಂಗ ಕೆಲ್ಸ. ಊರಿಗೆಲ್ಲ ನೀರು ಕೊಡ್ತೀನಿ, ಕೊಟ್ರಯ್ಯ ಹೇಳ್ಯಾನ ಅಂತ ನಡುರಾತ್ರಾಗ ಸಲಿಕಿ ಹಿಡಕಂಡು ಹೊಲ್ದಾಗ ಬಾವಿ ತೋಡಿದ. ಒಬ್ಬನಾ! ಎತ್ತು ಮಾರಿ ತೇರಿಗೆ ಬಂದೋರಿಗೆಲ್ಲ ಟವಲ್ ಹಂಚಿದ. ಮಾತು ಅಂದ್ರ ಮಾತು, ನಿಂದ್ರಾವಲ್ಲದು.'

ಡಾಕ್ಟರು ಡಬ್ಬಿಯನ್ನು ಬೀರುವಿಗೆ ವಾಪಸ್ ಇಟ್ಟು ಬಳ್ಳಾರಿಗೆ ಕಾಗದ ಬರೆದರು.

ಆ ತೇರಿನಲ್ಲಿ ನಾನೂ ಇದ್ದೆ. ಫೆಬ್ರವರಿ, ಮಾರ್ಚಿನಲ್ಲಿ ಕೊಟ್ಟೂರೇಶ್ವರನ ತೇರಿಗೆ ಅಂತ ಕೊಟ್ಟೂರಿಗೆ ದಾವಣಗೆರೆ ಕಡೆಯಿಂದ, ಹಾವೇರಿ ಕಡೆಯಿಂದ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಪಾನಕ ಹಂಚುವವರು, ಊಟ ಹಾಕುವವರು, ಕುಣಿಯುವವರು. ಅಷ್ಟು ಜನರ ಉತ್ಸಾಹದಲ್ಲಿ ಒಬ್ಬನ ಉನ್ಮಾದ ಕಾಣುವುದು ಕಷ್ಟ. ಊರವರು 'ಭಕ್ತಿ ಜಾಸ್ತಿ ಆಗ್ಯದ' ಅಂತಿದ್ದರು; ಟವಲ್ ತಗೊಂಡವರು ಕೈ ಮುಗಿದು ಹೋದರು. ಮೈಲಾರದ ಕಾರಣಿಕದ ಹೊತ್ತಿನಲ್ಲಿ, ಉಚ್ಚಂಗಿದುರ್ಗದ ಹುಣ್ಣಿಮೆಯಲ್ಲಿ ಹೀಗೇ. ದೇವರು ಮೈಮೇಲೆ ಬರುವುದು ನಮ್ಮಲ್ಲಿ ರೂಢಿಯ ಮಾತು. ಬಂದ ದೇವರು ಸಂಜೆಗೆ ಇಳಿದು ಹೋಗುತ್ತಾನೆ, ಮಾರನೇ ದಿನ ಆ ಮನುಷ್ಯ ಎಂದಿನಂತೆ ಎತ್ತಿಗೆ ಮೇವು ಹಾಕುತ್ತಾನೆ. ಇದು ಹಾಗಲ್ಲ. ವಾರವಾದರೂ ಇಳಿಯುವುದಿಲ್ಲ, ನಿದ್ದೆ ಇಲ್ಲದಿದ್ದರೂ ದಣಿವಿಲ್ಲ, ದುಡ್ಡಿನ ಲೆಕ್ಕ ಇಲ್ಲ, ಬೇಡ ಅಂದವರ ಮೇಲೆ ಸಿಟ್ಟು. ಈಗಿನ ಪುಸ್ತಕಗಳೂ ಉನ್ಮಾದಕ್ಕೆ ಕನಿಷ್ಠ ಒಂದು ವಾರ, ಖಿನ್ನತೆಗೆ ಕನಿಷ್ಠ ಎರಡು ವಾರ ಅಂತ ಗಡುವು ಹಾಕಿವೆ. ಅದಕ್ಕಿಂತ ಸಣ್ಣ ಏರಿಕೆಯೂ ಉಂಟು, ನಾಲ್ಕೈದು ದಿನದ್ದು, ಸಂಸಾರಕ್ಕೆ ಹಾನಿ ಮಾಡದ್ದು. ಅದನ್ನು ಯಾರೂ ಕಾಯಿಲೆ ಅನ್ನುವುದೇ ಇಲ್ಲ. 'ಆ ವಾರ ಚಲೋ ದುಡಿದ' ಅಂತಾರೆ.

ಡಬ್ಬಿ ಯಾಕೆ ವಾಪಸ್ ಇಟ್ಟಿರಿ ಅಂತ ಡಾಕ್ಟರನ್ನು ಕೇಳಿದ್ದೆ. ಬರೀ ಖಿನ್ನತೆಯವರಿಗೆ ಆ ಗುಳಿಗೆ ಆಸರೆ. ಏರಿಳಿತದ ಕಾಯಿಲೆಯವರಿಗೆ ಅದೊಂದನ್ನೇ ಕೊಟ್ಟರೆ ಕುಗ್ಗಿದವರು ಸೀದಾ ಉನ್ಮಾದಕ್ಕೆ ಏರಬಹುದು, ಅಂದರು. ಇವರಿಗೆ ಮೊದಲು ಬೇಕಾದ್ದು ಏರಿಳಿತ ತಡೆಯುವ ಔಷಧಿ. 1949ರಲ್ಲಿ ಮೆಲ್ಬೋರ್ನಿನ ಜಾನ್ ಕೇಡ್ ಎಂಬ ವೈದ್ಯ ಉನ್ಮಾದದ ರೋಗಿಗಳಿಗೆ ಲಿಥಿಯಂ ಕೊಟ್ಟು ಫಲ ಕಂಡಿದ್ದರು. ಉಪ್ಪಿನ ಜಾತಿಯದೇ ಒಂದು ವಸ್ತು, ಅಗ್ಗದ್ದು. ಆದರೆ ಅದು ಸಲೀಸಾದ ಗುಳಿಗೆ ಅಲ್ಲ. ರಕ್ತದಲ್ಲಿ ಇಷ್ಟೇ ಇರಬೇಕು ಅಂತ ಅಳತೆ ಇದೆ. ಕಡಿಮೆಯಾದರೆ ಉಪಯೋಗವಿಲ್ಲ, ಸ್ವಲ್ಪ ಹೆಚ್ಚಾದರೆ ವಿಷ. ಆ ಪರೀಕ್ಷೆ ತಾಲ್ಲೂಕಿನಲ್ಲಿ ಇರಲಿಲ್ಲ. ಹೀಗಾಗಿ ಬಳ್ಳಾರಿಗೆ ಹೋಗಿ ಬರಬೇಕು.

ಲಿಥಿಯಂ ಶುರುವಾದ ಮೇಲೆ ಆ ಮನೆಗೆ ನನ್ನ ಭೇಟಿಯ ರೀತಿಯೇ ಬದಲಾಯಿತು. ನಮ್ಮ ಕಡೆ ಏಪ್ರಿಲ್ ಬಿಸಿಲು ನಲವತ್ತು ಡಿಗ್ರಿ. ಬೆವರು ಹರಿದು ಮೈಯ ನೀರು ಉಪ್ಪು ಇಳಿದರೆ ಮೂತ್ರಪಿಂಡ ಲಿಥಿಯಂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದು ಏರುತ್ತದೆ. ಕೈ ನಡುಗುವುದು ಜಾಸ್ತಿ ಆಯಿತೇ, ವಾಂತಿ ಭೇದಿ ಇದೆಯೇ, ನಡೆಯುವಾಗ ವಾಲುತ್ತಾನೆಯೇ, ಮಾತು ತೊದಲುತ್ತದೆಯೇ ಅಂತ ನೋಡಬೇಕು. ಉಪ್ಪು ಬಿಟ್ಟು ಹರಕೆ ಊಟ ಮಾಡುವುದು ಬೇಡ ಅಂತ ಆ ಅಜ್ಜಿಗೆ ಒಪ್ಪಿಸುವುದು ಒಂದು ದೊಡ್ಡ ಸಂಧಾನವೇ ಆಯಿತು. ಕಡೆಗೆ ಅವಳೇ, ಮಗನ ಹರಕೆ ತಾನು ತೀರಿಸುತ್ತೇನೆ ಅಂದಳು. ಇನ್ನೊಂದು ಕಾಟ ಮೈಕೈ ನೋವಿನ ಗುಳಿಗೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇಂಥವು ಕೂಡ ಲಿಥಿಯಂ ಏರಿಸುತ್ತವೆ. ಹೊಲದಲ್ಲಿ ದುಡಿದು ಬಂದವನು ಮೆಡಿಕಲ್ ಶಾಪಿನಲ್ಲಿ ನೋವಿನ ಗುಳಿಗೆ ಕೇಳದೆ ಇರುತ್ತಾನೆಯೇ? ಅವನ ಕಾರ್ಡಿನ ಹಿಂದೆ ನಾನೇ ದಪ್ಪ ಅಕ್ಷರದಲ್ಲಿ 'ನೋವಿನ ಗುಳಿಗೆ ಕೊಡಬೇಡಿ' ಅಂತ ಬರೆದುಕೊಟ್ಟಿದ್ದೆ. ಚೆನ್ನಾಗಿದ್ದೇನಲ್ಲ, ಇನ್ಯಾಕೆ ಗುಳಿಗೆ ಅಂತ ಬಿಡುವವರೇ ಹೆಚ್ಚು. ಇವನೂ ಒಮ್ಮೆ ಬಿಟ್ಟ, ಮುಂದಿನ ಸುಗ್ಗಿಗೆ ಮತ್ತೆ ಏರಿತು. ಆ ಬಾವಿ? ಮಂಡಿಯುದ್ದ ತೋಡಿ ಬಂಡೆ ಸಿಕ್ಕಲ್ಲಿಗೆ ನಿಂತಿತ್ತು. ಆಮೇಲೆ ಅದರಲ್ಲಿ ತಿಪ್ಪೆ ಹಾಕುತ್ತಿದ್ದರು.

ಹಡಗಲಿ ಕಡೆ ಕೆಲಸ ಮಾಡುತ್ತಿದ್ದ ನಮ್ಮ ಒಬ್ಬ ನರ್ಸಮ್ಮ ಹೇಳಿದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಡುತ್ತೇನೆ. ಹಡಗಲಿ ಮಲ್ಲಿಗೆ ಬಿಡಿಸುವವರು ನಸುಕಿನಲ್ಲೇ ಏಳಬೇಕು. ಮೊಗ್ಗು ಅರಳಿದರೆ ಬೆಲೆ ಇಲ್ಲ. ಅಲ್ಲಿಯ ಒಬ್ಬ ಹೆಂಗಸು ಎಲ್ಲರಿಗಿಂತ ಮುಂಚೆ, ಮೂರಕ್ಕೇ ಎಚ್ಚರವಾಗಿರುತ್ತಾಳೆ, ಆದರೆ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಎದೆ ಭಾರ, ತಲೆ ಸಿಡಿತ, ಮೈಯೆಲ್ಲ ನೋವು ಅಂತ ಊರೂರು ಡಾಕ್ಟರ ಹತ್ತಿರ ಸೂಜಿ, ಗ್ಲೂಕೋಸು ಹಾಕಿಸಿಕೊಂಡಿದ್ದಳು. ಬೇಜಾರು ಅಂತ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ಹೆಂಗಸರು ಹೇಳುವುದೂ ಇಲ್ಲ, ಮೈಯಿಂದ ಹೇಳುತ್ತಾರೆ. ನರ್ಸಮ್ಮ ತವರಿನವರನ್ನು ಕೇಳಿದಳು, ಗಂಡನ ಮನೆಯವರನ್ನು ಕೇಳಿದಳು. ಬಾಣಂತನದಲ್ಲಿ ಹೇಗಿದ್ದಳು ಅಂತ ಬಿಡಿಸಿ ಕೇಳಿದಳು, ಯಾಕಂದರೆ ಏರಿಳಿತದ ಕಾಯಿಲೆ ಮೊದಲು ತಲೆ ಎತ್ತುವುದು ಎಷ್ಟೋ ಸಲ ಹೆರಿಗೆಯಾದ ವಾರಗಳಲ್ಲಿ. ಬಾಣಂತಿ ಸನ್ನಿ ಅಂತ ಹೇಳಿ ಮರೆತುಬಿಡುತ್ತಾರೆ. ಇವಳಿಗೆ ಅಂಥದ್ದೇನೂ ಇಲ್ಲ. ಹಿಂದೆ ಒಮ್ಮೆ, ಮಗು ತೀರಿಕೊಂಡಾಗ, ಹೀಗೇ ಕುಗ್ಗಿದ್ದಳು, ಅಷ್ಟೇ. ಇವಳಿಗೆ ಆರೋಗ್ಯ ಕೇಂದ್ರದ ಗುಳಿಗೆಯೇ ಸಾಕಾಯಿತು. ಎರಡು ಮೂರು ವಾರ ಏನೂ ಆಗುವುದಿಲ್ಲ, ಬಾಯಿ ಒಣಗುತ್ತದೆ, ಬಿಡಬೇಡ ಅಂತ ನರ್ಸಮ್ಮ ಮೊದಲೇ ಹೇಳಿದ್ದಳು. ತಿಂಗಳ ಮೇಲೆ ಮಲ್ಲಿಗೆ ತೋಟಕ್ಕೆ ಹೋದಳು. ಚೆನ್ನಾದ ಮೇಲೂ ಆರು ತಿಂಗಳಾದರೂ ನುಂಗಬೇಕು ಅನ್ನುವುದನ್ನು ಮಾತ್ರ ಅವಳ ಅತ್ತೆ ಕೊನೆವರೆಗೂ ನಂಬಲಿಲ್ಲ.

ಇಬ್ಬರಿಗೂ ಅಂದಿನ ಕಾಗದದಲ್ಲಿ ಹೆಚ್ಚುಕಡಿಮೆ ಒಂದೇ ಹೆಸರು. ಒಬ್ಬಳು ಹಳ್ಳಿಯಲ್ಲೇ ಗುಣವಾದಳು, ಇನ್ನೊಬ್ಬನನ್ನು ಬಳ್ಳಾರಿಗೆ ಕಳಿಸಬೇಕಾಯಿತು. ನಡುವೆ ಇದ್ದದ್ದು ಒಬ್ಬ ತಾಯಿಯ ನೆನಪು, ಒಬ್ಬ ನರ್ಸಮ್ಮನ ವಿಚಾರಣೆ. ಆ ಯೋಜನೆಯ ವರದಿಗಳಲ್ಲಿ ಔಷಧಿ, ತರಬೇತಿ, ಖ್ಯಾತ ಡಾಕ್ಟರ ಹೆಸರು ಬರುತ್ತವೆ. ಬರಲಿ. ನನ್ನ ಮಟ್ಟಿಗೆ ಬಳ್ಳಾರಿ ಮಾದರಿ ಅಂದರೆ, ವರ್ಷ ಪೂರ್ತಿ ಆ ಮನೆ ಬಾಗಿಲಿಗೆ ಹೋಗುವ ಒಬ್ಬ ನೌಕರನನ್ನು ರೋಗ ಪತ್ತೆಯ ಕೆಲಸದಲ್ಲಿ ಕೂರಿಸಿದ್ದು.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಬಿದ್ದವರು ಇಪ್ಪತ್ತಕ್ಕೆ ಒಬ್ಬರು, ಬೈಪೋಲಾರ್‌ನವರು ಇನ್ನೂರಕ್ಕೆ ಒಬ್ಬರು. ಖಿನ್ನತೆಯವರಲ್ಲಿ ನೂರಕ್ಕೆ ಎಂಬತ್ತೈದು ಮಂದಿಗೆ, ಬೈಪೋಲಾರ್‌ನವರಲ್ಲಿ ಎಪ್ಪತ್ತು ಮಂದಿಗೆ ಚಿಕಿತ್ಸೆ ಮುಟ್ಟಿರಲಿಲ್ಲ. ಸಂಖ್ಯೆ ಇನ್ನೂರಕ್ಕೆ ಒಂದು ಅಂತ ಹಗುರವಾಗಿ ನೋಡುವಂತಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಐದು ಸಾವಿರ ಜನಸಂಖ್ಯೆಯ ಉಪಕೇಂದ್ರಕ್ಕೆ ಲೆಕ್ಕ ಹಾಕಿದರೆ ಇಪ್ಪತ್ತೈದರ ಹತ್ತಿರ ಬರುತ್ತದೆ. ಸಕಲವಾರದ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನವರು ಬೈಪೋಲಾರ್ ರೋಗಿಗಳ ಜಾಡು ಹಿಡಿದು ನೋಡಿದಾಗ, ನಮ್ಮ ಕಡೆಯವರಲ್ಲಿ ಕುಗ್ಗುವುದಕ್ಕಿಂತ ಉಕ್ಕುವ ಸರದಿಯೇ ಹೆಚ್ಚು ಅಂತ ಕಂಡಿತು. ಪಶ್ಚಿಮದ ಪುಸ್ತಕಗಳಲ್ಲಿ ಇದರ ತಿರುಗಾಮುರುಗಾ. ಇಷ್ಟಾಗಿಯೂ ನಮ್ಮವರು ಗುಟ್ಟಾಗಿಡುವುದು ಉಕ್ಕಿದ್ದನ್ನೇ. ಹೆಣ್ಣು ನೋಡಲು ಬರುವವರಿಗೆ ಅಣ್ಣ ಸುಮ್ಮನಿರುತ್ತಾನೆ ಅಂತ ಹೇಳಬಹುದು. ಎತ್ತು ಮಾರಿ ಟವಲ್ ಹಂಚಿದ ಅಂತ ಹೇಳಲು ಆಗುತ್ತದೆಯೇ?

1990ಕ್ಕೆ ಬಳ್ಳಾರಿಯ ಪ್ರಯೋಗ ಮುಗಿಯಿತು. ಅದನ್ನೇ ಮೇಲ್ಪಂಕ್ತಿ ಮಾಡಿಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು, ನಾಲ್ಕು ಜಿಲ್ಲೆಗಳಲ್ಲಿ: ಆಗಿನ ಆಂಧ್ರದ ಮೇದಕ್, ಅಸ್ಸಾಮಿನ ನಾಗಾಂವ್, ರಾಜಸ್ಥಾನದ ಸೀಕರ್, ತಮಿಳುನಾಡಿನ ತಿರುಚ್ಚಿ. ಬಳ್ಳಾರಿ ಅದರಲ್ಲಿ ಇಲ್ಲ. ಬಿತ್ತಿದ್ದು ನಮ್ಮ ಹೊಲದಲ್ಲಿ, ರಾಶಿ ಮಾಡಿದ್ದು ಬೇರೆ ಕಡೆ. ಇದನ್ನು ಹೇಳುವಾಗ ಈಗಲೂ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಹರಪನಹಳ್ಳಿಯ ಕಥೆ ಇನ್ನೂ ವಿಚಿತ್ರ. 1997ರಲ್ಲಿ ಆ ತಾಲ್ಲೂಕನ್ನು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಎರಡು ದಶಕದ ಮೇಲೆ, ಸಂವಿಧಾನದ 371ಜೆ ಸವಲತ್ತಿನ ಸಲುವಾಗಿ ಹೋರಾಟ ನಡೆದು ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಮೊದಲಲ್ಲಿ ಹೆಸರಿಸಿದ ಐದೂ ತಾಲ್ಲೂಕು ಹೊಸಪೇಟೆಯ ಪಾಲಾದವು. ಭೂಮಿ ದಾಖಲೆಗೆ, ನೌಕರಿ ಮೀಸಲಾತಿಗೆ ಇದೆಲ್ಲ ಏನೇನು ಮಾಡಿತು ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ಬೈಪೋಲಾರ್ ರೋಗಿಯ ಕಡೆಯಿಂದ ಒಮ್ಮೆ ನೋಡಿ. 1986ರಲ್ಲಿ ಬಳ್ಳಾರಿಯಲ್ಲಿ ಉನ್ಮಾದಕ್ಕೆ ಕಾರ್ಡು ಮಾಡಿಸಿದವನು 1999ರಲ್ಲಿ ಕುಗ್ಗಿ ಕೂತರೆ ಹೋಗಬೇಕಾದದ್ದು ದಾವಣಗೆರೆಗೆ. ಅಲ್ಲಿ ಅವನು ಹೊಸಬ. ಎದುರಿಗೆ ಕೂತ ಡಾಕ್ಟರಿಗೆ ಕಾಣುವುದು ಸೊರಗಿದ ಮುಖ ಮಾತ್ರ. ಹದಿಮೂರು ವರ್ಷದ ಹಿಂದಿನ ಆ ರಟ್ಟಿನ ಕಾರ್ಡನ್ನು ಟ್ರಂಕಿನಲ್ಲಿ, ಪಹಣಿಯ ಜೊತೆ ಸುತ್ತಿಟ್ಟುಕೊಂಡಿದ್ದ ಮನೆಯವರೇ ಬುದ್ಧಿವಂತರು. ಅಂಥವರನ್ನು ನಾನು ಕಂಡಿದ್ದೇನೆ; ಆಸ್ಪತ್ರೆ ಚೀಟಿಯನ್ನು ಅವರಷ್ಟು ಜೋಪಾನ ಮಾಡಿದವರು ಇಲ್ಲ.

ಈಗ ಅನುಕೂಲಗಳು ಎಷ್ಟೋ ಪಾಲು ಹೆಚ್ಚಿವೆ, ಸುಳ್ಳು ಹೇಳಬಾರದು. 2014ರಿಂದ ಮನೋಚೈತನ್ಯ ಅಂತ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಆಯಿತು. ವಾಲ್‌ಪ್ರೊಯೇಟ್‌ನಂಥ ಔಷಧಿಗಳು ಸಿಗುತ್ತವೆ. 2017ರ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ಪೊಲೀಸರ ಕಾಟದಿಂದ ಬಿಡಿಸಿ ಚಿಕಿತ್ಸೆಯ ಹಕ್ಕು ಕೊಟ್ಟಿತು. 2022ರಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಗೋಡೆಯ ಮೇಲಿನ ಸ್ಟೆನ್ಸಿಲ್ ಮಾತ್ರ ಸುಣ್ಣದಡಿ ಹೋಗಿದೆ. ಹದಿನೈದು ದಿನಕ್ಕೊಮ್ಮೆ ಬಾಗಿಲಿಗೆ ಹೋಗುತ್ತಿದ್ದ ಗಂಡಸು ನೌಕರರ ಹುದ್ದೆಗಳು ಎಷ್ಟೋ ಕಡೆ ಖಾಲಿ. ಆ ತಿರುಗಾಟ ಈಗ ಆಶಾ ಕಾರ್ಯಕರ್ತೆಯರ ಪಾಲು.

ನನ್ನ ತಮ್ಮನ ಮಗಳು ಅಂಥ ಒಬ್ಬ ಆಶಾ ಕಾರ್ಯಕರ್ತೆ. ಮೂವತ್ತು ದಾಟಿದವರೆಲ್ಲರ ಬಿ.ಪಿ., ಸಕ್ಕರೆ ಕಾಯಿಲೆಯ ಫಾರಂ ತುಂಬುವಾಗ ಕೊನೆಯಲ್ಲಿ ಎರಡು ಪ್ರಶ್ನೆ ಕೇಳಬೇಕು ಅವಳು: ಕಳೆದ ಎರಡು ವಾರದಲ್ಲಿ ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆಯೇ, ಮನಸ್ಸು ಕುಗ್ಗಿದೆಯೇ. ಒಳ್ಳೆಯ ಪ್ರಶ್ನೆಗಳೇ. ಮಲ್ಲಿಗೆ ತೋಟದ ಹೆಂಗಸು ಇದರಲ್ಲಿ ಸಿಕ್ಕಿಬೀಳುತ್ತಾಳೆ. ಬಾವಿ ತೋಡಿದವನೂ ಸಿಕ್ಕಿಬೀಳುತ್ತಾನೆ, ಶ್ರಾವಣದಲ್ಲಿ ಹೋದರೆ. ಆದರೆ ಆ ಹೆಂಗಸಿನ ಸಾಲಿನಲ್ಲೇ ನಿಲ್ಲುತ್ತಾನೆ. ಮೊನ್ನೆ ಅವಳಿಗೆ ಹೇಳಿದೆ: 'ಹೌದು ಅಂದವರ ಮನೆಯಾಗ ಅವರವ್ವನ್ನೋ ಹೆಂಡ್ತಿನ್ನೋ ಇನ್ನೊಂದು ಮಾತು ಕೇಳವ್ವ. ಹ್ವಾದ ವರ್ಷ, ಅದರ ಹಿಂದಿನ ವರ್ಷ, ತೇರಿನಾಗೋ ಸುಗ್ಗಿಯಾಗೋ ನಿದ್ದಿ ಇಲ್ದ ಹಾರಾಡಿದ್ದು ಉಂಟಾ ಅಂತ.'

'ಕೇಳಬೋದು ದೊಡ್ಡಪ್ಪಾ,' ಅಂದಳು, 'ಆದ್ರ ಉಂಟು ಅಂದ್ರ ಎಲ್ಲಿ ಬರೀಲಿ? ಫಾರಂನಾಗ ಅದಕ್ಕ ಜಾಗನ ಇಲ್ಲ.'

ಹಿಂದಿನ ಪುಟದಲ್ಲಿ ಬರಿ ಅಂದೆ. ಹಿಂದಿನ ಪುಟವನ್ನು ಯಾರೂ ಕಂಪ್ಯೂಟರಿಗೆ ಏರಿಸುವುದಿಲ್ಲ ಅಂದಳು.